ಕಾರಿನ ಕಂಪ್ಯೂಟರಿಗೆ ಬುದ್ಧಿ ಹೇಳಿಸಲು ಹೋದದ್ದು

ಯಾರು ಏನು ಹೇಳಿದರೂ ‘ಪುರಾವೆ ಏನು?’ ಎಂದು ಕೇಳುವುದು ನನ್ನ ಚಟ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಅಂಟಿಕೊಂಡದ್ದು. ಆಗ ಗೆದ್ದ ಕಪ್‌ಗಳಲ್ಲಿ ಅವ್ವ ಈಗ ಚಮಚ ನಿಲ್ಲಿಸುತ್ತಾಳೆ. ಅದನ್ನೂ ಒಮ್ಮೆ ವಿರೋಧಿಸಿ ಮಾತಾಡಿದ್ದೆ; ಆದರೆ ಅಡುಗೆಮನೆಯಲ್ಲಿ ತೀರ್ಪುಗಾರರು ಇರುವುದಿಲ್ಲ.

ಅವ್ವ ಶಿಕ್ಷಕಿ. ಐವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿತು, ಶಹಾಪುರದಿಂದ ಸುರಪುರದ ಶಾಲೆಗೆ ನಮ್ಮ ಹಳೆಯ ಡೀಸೆಲ್ ಕಾರನ್ನು ದಿನಾ ತಾನೇ ಓಡಿಸಿಕೊಂಡು ಹೋಗುತ್ತಿದ್ದಳು. ಹೋದ ತಿಂಗಳು ಸುರಪುರದ ಏರಿನಲ್ಲಿ ಕಾರು ಗಡಗಡ ನಡುಗಿ ನಿಂತುಬಿಟ್ಟಿತು. ಹಿಂದಿದ್ದ ಆಟೋಗಳೆಲ್ಲ ಹಾರ್ನ್ ಹೊಡೆದವಂತೆ. ಸಂಜೆ ಬಂದವಳೇ ಕೀಲಿಯನ್ನು ಮೊಳೆಗೆ ಹಾಕಿ, “ನಾಳಿಂದ ಬಸ್ಸಿಗೇ ಹೋಗ್ತೀನಪಾ. ಇದು ನನ್ನ ಕೈಲೆ ಆಗಂಗಿಲ್ಲ” ಎಂದಳು. ಆ ಕೀಲಿ ಕೈಗೆ ಬಂದ ದಿನದಿಂದ ಅವಳ ನಡಿಗೆಯೇ ಬದಲಾಗಿತ್ತು. ನನಗೆ ತಡೆಯಲಾಗಲಿಲ್ಲ.

ತಪ್ಪು ಅವಳದಲ್ಲ, ಇಂಜಿನ್ ನಡೆಸುವ ಕಂಪ್ಯೂಟರಿನದು ಎಂದು ಸಾಧಿಸಲು ಎರಡು ದಿನ ಓದಿದೆ. ಅದನ್ನು ತಿದ್ದಿ, ಏರಿನಲ್ಲಿ ಇಂಜಿನ್ನಿಗೆ ಹೆಚ್ಚು ಬಲ ಬರುವಂತೆ ಮಾಡಲು ಮೂರು ದಾರಿ. ಸ್ಟೀರಿಂಗಿನ ಕೆಳಗಿನ ಸಾಕೆಟ್ಟಿಗೆ ಲ್ಯಾಪ್‌ಟಾಪ್ ಜೋಡಿಸಿ ಒಳಗಿನ ಲೆಕ್ಕಾಚಾರ ಬದಲಿಸುವುದು. ಕಂಪ್ಯೂಟರಿನ ಪೆಟ್ಟಿಗೆಯನ್ನೇ ಕಳಚಿ ಮೇಜಿನ ಮೇಲಿಟ್ಟು ಅದೇ ಕೆಲಸ ಮಾಡುವುದು. ಇಲ್ಲವೇ ಇಂಜಿನ್ನಿಗೂ ಕಂಪ್ಯೂಟರಿಗೂ ನಡುವೆ ಇನ್ನೊಂದು ಡಬ್ಬಿ ಕೂರಿಸಿ ಅದು ಕಂಪ್ಯೂಟರಿಗೆ ಸುಳ್ಳು ಹೇಳುವಂತೆ ಮಾಡುವುದು. ಮೂರರ ಪರವಾಗಿಯೂ ನಾನೇ ವಾದಿಸಿದೆ, ಮೂರನ್ನೂ ನಾನೇ ಖಂಡಿಸಿದೆ. ಆಯ್ಕೆಯೊಂದು ಮಾತ್ರ ಆಗಲಿಲ್ಲ.

ಕಡೆಗೆ ಅವ್ವನನ್ನೂ ಕೂರಿಸಿಕೊಂಡು ಯಾದಗಿರಿಯ ಖಾಸಿಂ ಉಸ್ತಾದರ ಗ್ಯಾರೇಜಿಗೆ ಹೋದೆ. ಮೂರೂ ವಿದ್ಯೆ ಬಲ್ಲವರು. ಅವ್ವನಿಗೆ ಸ್ಟೂಲು, ಚಹಾ ಕೊಟ್ಟು ನನ್ನ ವಾದ ಕೇಳುತ್ತ ಕೆಲಸಕ್ಕೆ ನಿಂತರು. ಸುಳ್ಳು ಹೇಳುವ ಡಬ್ಬಿಯ ನೈತಿಕತೆಯವರೆಗೆ ನಾನು ಬರುವಷ್ಟರಲ್ಲಿ ಲ್ಯಾಪ್‌ಟಾಪ್ ಜೋಡಿಸಿ ನೋಡಿ, ಕಂಪ್ಯೂಟರಿನಲ್ಲಿ ಯಾವ ದೋಷವೂ ಇಲ್ಲ ಎಂದರು. ಪುರಾವೆ ಕೇಳಿದೆ. ಅವರು ಅವ್ವನ ಕಡೆ ತಿರುಗಿದರು.

“ಅಕ್ಕೋರೆ, ಆ ಏರು ಯಾವ ಗೇರ್‌ನಾಗ ಹತ್ತತೀರಿ?”

“ಮೂರನೇದಾಗ್ರಿ. ಮೊದಲ ಎರಡನೇದೇ ಹಾಕ್ತಿದ್ನಿ. ಮೂರನೇದಾಗ ಹತ್ತು, ಡೀಸೆಲ್ ಉಳೀತದ ಅಂತ ಇವಾ ಒಂದು ತಾಸು ಮಾತಾಡ್ದ. ತಿರುಗಿ ಹೇಳಾಕ ನನಗ ಬರ್ಲಿಲ್ಲ.”

ನೆನಪಾಯಿತು. ಅಂದು ನಾನು ಗೆದ್ದಿದ್ದೆ. ಪುರಾವೆ ಕೊಟ್ಟಿರಲಿಲ್ಲ, ಅವಳೂ ಕೇಳಿರಲಿಲ್ಲ.

ಉಸ್ತಾದರು ನಗಲಿಲ್ಲ. ಅದಕ್ಕೆ ಅವರಿಗೆ ನಾನು ಜನ್ಮಪೂರ್ತಿ ಋಣಿ. ಆ ಮೂರು ದಾರಿಗಳಲ್ಲಿ ಯಾವುದನ್ನು ಮಾಡುತ್ತೇನೆಂದಿದ್ದರೂ ಅಂದು ಒಪ್ಪಿಕೊಳ್ಳುತ್ತಿದ್ದೆ. ಅವರು ಲ್ಯಾಪ್‌ಟಾಪ್ ಮುಚ್ಚಿ, “ವಕೀಲಸಾಹೇಬ್ರ, ಗಾಡಿಗೆ ಏನೂ ಆಗಿಲ್ರಿ. ಅಕ್ಕೋರು ಓಡಸೋವಾಗ ನೀವು ಸುಮ್ಕ ಕುಂಡರ್ರಿ, ಸಾಕು” ಎಂದರು.

ಮರುದಿನ ಬೆಳಿಗ್ಗೆ ಅವ್ವ ಮತ್ತೆ ಕಾರು ತೆಗೆದಳು, ನಾನು ಪಕ್ಕದಲ್ಲಿ ಸುಮ್ಮನೆ ಕೂತೆ. ಏರು ಬಂತು, ಅವ್ವ ಎರಡನೇ ಗೇರ್ ಹಾಕಿದಳು, ಕಾರು ತಕರಾರಿಲ್ಲದೆ ಹತ್ತಿತು. ಶಾಲೆಯ ಮುಂದೆ ನಿಲ್ಲಿಸಿ ನನ್ನ ಮುಖ ನೋಡಿ, ಹೇಳುವುದೇನಿದೆ ಹೇಳಿಬಿಡು ಎಂದಳು. ಎರಡನೇ ಗೇರಿನ ಪರವಾಗಿ ನಾಲ್ಕು ಅಂಶಗಳನ್ನು ಮಂಡಿಸಿದೆ. ಪೂರ್ತಿ ಕೇಳಿಸಿಕೊಂಡು, “ಪುರಾವಿ ಏನಪಾ?” ಎಂದು, ಕಾರಿಗೆ ಬೀಗ ಹಾಕಿ, ಕೀಲಿ ತಿರುಗಿಸುತ್ತ ಒಳಗೆ ಹೋದಳು.

ನಾನು ಬಸ್ಸಿಗೆ ಮನೆಗೆ ಬಂದೆ.