ಷಡ್ಡಕನ ಅಂಗಡಿಯ ಸೊಟ್ಟ ಹೊಲಿಗೆ

ಬೆಳಗ್ಗೆ ಎಂಟೂವರೆಗೆ ಎದುರಂಗಡಿಯ ಕ್ಷೌರಿಕ ಪೇಪರು ಹಿಡಿದುಕೊಂಡು ರಸ್ತೆ ದಾಟಿ ಬಾರದೇ ಹೋಗಿದ್ದರೆ, ಟೇಪು ಮಾಸ್ತರರು ಆ ದಿನ ಎರಡು ಪ್ಯಾಂಟು, ಒಂದು ಕೋಟಿನ ತೋಳು ಮುಗಿಸಿ, ಮಧ್ಯಾಹ್ನ ಎಂದಿನಂತೆ ಎರಡು ತಾಸು ನಿದ್ದೆ ತೆಗೆದು ಸುಖವಾಗಿರುತ್ತಿದ್ದರು.

"ಮಾಸ್ತರೇ, ಇದು ನಿಮ್ಮ ಷಡ್ಡಕನ ಮುಖ ಅಲ್ವಾ?" ಎಂದು ಕ್ಷೌರಿಕ ಪೇಪರನ್ನು ಹೊಲಿಗೆ ಯಂತ್ರದ ಮೇಲೆ ಹರಡಿದ.

ಆ ಮುಖವೇ. ಕಾಲು ಪುಟದಷ್ಟು ಅಗಲವಾಗಿ ನಗುತ್ತಿತ್ತು. ಅದರ ಹಿಂದೆ ಸಾಲಾಗಿ ನೇತುಬಿದ್ದ ಜಾಕೆಟ್ಟುಗಳು. ಮೇಲೆ ದಪ್ಪಕ್ಷರದಲ್ಲಿ: 'ಗೋದಾಮು ಬೀದಿಯ ಹೊಸ ಮಾಂತ್ರಿಕ'.

ಮಾಸ್ತರರ ಕಾಲು ಪೆಡಲಿನ ಮೇಲೆಯೇ ನಿಂತುಹೋಯಿತು. ಕುತ್ತಿಗೆಯಿಂದ ಟೇಪು ಇಳಿಸಿದ್ದನ್ನು ಯಾರೂ ನೋಡಿಲ್ಲವಾದ್ದರಿಂದ ಅವರಿಗೆ ಆ ಹೆಸರು. ಮದುವೆಯ ಫೋಟೋದಲ್ಲೂ ಅದು ಕಾಣುತ್ತದೆ. ಇಪ್ಪತ್ತಾರು ವರ್ಷದಿಂದ ಅದೇ ಓಣಿಯ ಅದೇ ಹತ್ತಡಿ ಅಂಗಡಿಯಲ್ಲಿ ಅವರು ಹೊಲಿದ ಹೊಲಿಗೆಯನ್ನೆಲ್ಲ ಒಂದಕ್ಕೊಂದು ಸೇರಿಸಿದರೆ ಸಮುದ್ರದವರೆಗೆ ಹೋದೀತು, ಅದೂ ಒಂದು ಕೂದಲಿನಷ್ಟು ಸೊಟ್ಟಗಾಗದೆ. ಆದರೆ ಪೇಪರಿನವರು ಒಂದು ದಿನವೂ ಇಣುಕಿ ನೋಡಿರಲಿಲ್ಲ. ಹೆಂಡತಿಯ ತಂಗಿಯ ಗಂಡನಾದ ಈ ಷಡ್ಡಕನೋ, ಎರಡು ವರ್ಷದ ಹಿಂದಿನವರೆಗೆ ಮನೆಮನೆಗೆ ಹೋಗಿ ಜಿರಳೆ ಔಷಧ ಮಾರುತ್ತಿದ್ದವನು. ಸೂಜಿಗೆ ದಾರ ಪೋಣಿಸು ಎಂದರೆ ಎರಡರಲ್ಲಿ ಸೂಜಿ ಯಾವುದು ಎಂದು ಕೇಳುವ ಪೈಕಿ.

"ಓದ್ಲಾ?"

"ಬೇಡ."

ಬೇಡ ಎಂದರೆ ಜೋರಾಗಿ ಓದು ಎಂದೇ ಕ್ಷೌರಿಕನ ಲೆಕ್ಕ. "'ಬಾಗಿಲು ತೆಗೆಯೋ ಮುಂಚೆನೇ ಜನ ಸಾಲು ನಿಲ್ತಾರೆ. ಇಲ್ಲಿನ ಒಂದು ಜಾಕೆಟ್ಟಿನ ಹಾಗೆ ಇನ್ನೊಂದು ಇರೋದಿಲ್ಲ...' ಇರೋದಿಲ್ಲವಂತೆ ಮಾಸ್ತರೇ!"

ಮೂಲೆಯಲ್ಲಿ ಕೂತು ಗುಂಡಿ ಹಾಕುತ್ತಿದ್ದ ಹೆಂಡತಿ ತಲೆ ಎತ್ತಿದಳು. "ಫೋಟೋ ಚೆನ್ನಾಗಿ ಬಂದಿದೆ, ಅಲ್ವಾ?"

"ಏನು ಚೆನ್ನಾಗಿದೆ? ಹಿಂದೆ ಇರೋ ಜಾಕೆಟ್ ನೋಡು. ಒಂದು ಭುಜ ಉತ್ತರಕ್ಕೆ, ಇನ್ನೊಂದು ದಕ್ಷಿಣಕ್ಕೆ."

"ಈಗ ಜನಕ್ಕೆ ಹಾಗೇ ಬೇಕಂತೆ," ಎಂದು ಅವಳು ದಾರವನ್ನು ಹಲ್ಲಿನಿಂದ ಕಡಿದು ಮತ್ತೆ ತಲೆ ತಗ್ಗಿಸಿದಳು.

ಆ 'ಅಂತೆ' ಮಾಸ್ತರರ ಹೊಟ್ಟೆಯೊಳಗೆ ಕೆಂಡದ ಹಾಗೆ ಬಿತ್ತು. ಹತ್ತು ಗಂಟೆಯೊಳಗೆ ಅವರು ಪ್ಯಾಂಟಿನ ಎಡಗಾಲಿಗೆ ಬಲಗಾಲಿನ ತುಂಡು ಜೋಡಿಸಿ, ಬಿಚ್ಚಿ, ಮತ್ತೆ ಹಾಗೆಯೇ ಜೋಡಿಸಿದರು. ಹನ್ನೊಂದಕ್ಕೆ ಎದ್ದುನಿಂತರು.

"ಗುಂಡಿ ಖಾಲಿ ಆಗಿದೆ. ಪೇಟೆಗೆ ಹೋಗಿ ಬರ್ತೀನಿ."

ಬೇರೆ ದಿನವಾಗಿದ್ದರೆ ಎಲ್ಲಿಗೆ, ಎಷ್ಟೊತ್ತಿಗೆ, ಯಾಕೆ ಎಂದು ಮೂರು ಪ್ರಶ್ನೆ ಬರುತ್ತಿತ್ತು. ಇವತ್ತು ಹೆಂಡತಿ, "ನಿಧಾನವಾಗಿ ಬನ್ನಿ, ಅವಸರ ಏನಿಲ್ಲ," ಎಂದಳು. ಹೊಟ್ಟೆಕಿಚ್ಚಿನವನಿಗೆ ಇಂಥದ್ದನ್ನೆಲ್ಲ ಗಮನಿಸಲು ಪುರಸೊತ್ತಿರುವುದಿಲ್ಲ.

ಬಸ್ ನಿಲ್ದಾಣದಲ್ಲಿ ನೋಡಿದರೆ ಕ್ಷೌರಿಕ ಆಗಲೇ ನಿಂತಿದ್ದ. "ಗುಂಡಿ ತರೋಕೆ ಗೋದಾಮು ಬೀದಿ ಬಸ್ಸು ಹತ್ತುತ್ತೀರಿ ಅಂತ ಗೊತ್ತಿತ್ತು. ಒಬ್ಬರೇ ಹೋದ್ರೆ ಎದೆ ಒಡ್ಕೋತೀರಿ, ನಾನೂ ಬರ್ತೀನಿ."

"ನಿನ್ನ ಗಿರಾಕಿಗಳು?"

"ಅವರ ಕೂದಲು ಒಂದು ದಿನ ಜಾಸ್ತಿ ಬೆಳೆದ್ರೆ ಲೋಕ ಮುಳುಗಲ್ಲ." ಜೇಬಿನಿಂದ ಒಂದು ಕಪ್ಪು ಕನ್ನಡಕ ತೆಗೆದ. ಯಾರೋ ಗಿರಾಕಿ ಮರೆತು ಹೋದದ್ದು. "ಹಾಕ್ಕೊಳ್ಳಿ. ಷಡ್ಡಕನಿಗೆ ಗುರುತು ಸಿಗಬಾರದು."

ಗೋದಾಮು ಬೀದಿಯಲ್ಲಿ ಒಂದು ಕಾಲಕ್ಕೆ ಸೋಪಿನ ಪೆಟ್ಟಿಗೆ, ಹತ್ತಿಯ ಮೂಟೆ ತುಂಬಿಡುತ್ತಿದ್ದರು. ಈಗ ಇಲಿಗಳನ್ನು ಓಡಿಸಿ, ಇಟ್ಟಿಗೆಗಳನ್ನು ಹಾಗೆಯೇ ಬಿಟ್ಟು, ಬಾಗಿಲಿಗೊಂದು ಬಣ್ಣ ಬಳಿದು ಅಂಗಡಿ ತೆರೆದಿದ್ದರು. ಮೊದಲನೆಯದು ಆಟದ ಮೈದಾನದಷ್ಟು ದೊಡ್ಡದು. ಒಳಗೆ ನೇತುಹಾಕಿದ್ದು ನಾಲ್ಕೇ ಅಂಗಿ.

"ಪಾಪ, ದಿವಾಳಿ ಎದ್ದಿದ್ದಾರೆ," ಎಂದು ಮಾಸ್ತರರು ಬೆಳಗಿನಿಂದ ಮೊದಲ ಬಾರಿಗೆ ಸಂತೋಷಪಟ್ಟರು. ಆಮೇಲೆ ಒಂದು ಅಂಗಿಯ ಬೆಲೆಯ ಚೀಟಿ ತಿರುಗಿಸಿ ನೋಡಿ, ಬಿಸಿ ಪಾತ್ರೆ ಮುಟ್ಟಿದವರ ಹಾಗೆ ಕೈ ಬಿಟ್ಟರು.

ಎರಡನೆಯದರಲ್ಲಿ ಮಂಡಿ ಹರಿದ ಪ್ಯಾಂಟುಗಳು. ಮಾಸ್ತರರಿಗೆ ಕರುಳು ಕಿತ್ತು ಬಂತು. "ಸಾಗಿಸುವಾಗ ಮೊಳೆಗೆ ಸಿಕ್ಕಿದ್ವೇನಮ್ಮಾ? ಕೊಡು, ಗೊತ್ತೇ ಆಗದ ಹಾಗೆ ತೇಪೆ ಹಾಕಿಕೊಡ್ತೀನಿ," ಎಂದರು.

ಅಂಗಡಿಯ ಹುಡುಗಿ ಪ್ಯಾಂಟನ್ನು ಎದೆಗೆ ಅವುಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು. "ಮುಟ್ಬೇಡಿ ಸಾರ್! ಒಂದೊಂದನ್ನೂ ಕೈಯಲ್ಲೇ ಹರಿದಿರೋದು!"

ಹರಿಯುವುದಕ್ಕೂ ಕಸುಬುದಾರರು ಇದ್ದಾರೆ ಎಂದಮೇಲೆ ಕೂತು ಒಂದು ಕಾಫಿ ಕುಡಿಯುವುದು ಅನಿವಾರ್ಯವಾಯಿತು. ಪಕ್ಕದ ಕಾಫಿ ಅಂಗಡಿಯಲ್ಲಿ ಕುರ್ಚಿಗಳಿರಲಿಲ್ಲ, ಲಾರಿಯ ಟೈರುಗಳಿದ್ದವು. ಮಾಸ್ತರರು ಒಂದರಲ್ಲಿ ಕೂತರು, ಅಂದರೆ ಇಳಿದರು. ಮಂಡಿ ಗಲ್ಲಕ್ಕೆ ಬಂತು. ಆಗ ಪಕ್ಕದ ಟೈರಿನ ತರುಣನೊಬ್ಬ ಅವರ ಪ್ಯಾಂಟನ್ನೇ ನೋಡುತ್ತ, "ಅಂಕಲ್, ಸೂಪರ್ ಪ್ಯಾಂಟ್! ಇಂಥ ಕಟ್ ಈಗ ಎಲ್ಲೂ ಸಿಗಲ್ಲ. ಎಲ್ಲಿ ತಗೊಂಡ್ರಿ?" ಎಂದ.

ಮಾಸ್ತರರ ಎದೆ ಎರಡಂಗುಲ ಹಿಗ್ಗಿತು. "ನಾನೇ ಹೊಲಿದದ್ದು."

"ಸುಮ್ನಿರಿ ಅಂಕಲ್, ತಮಾಷೆ ಮಾಡ್ತೀರಿ. ನಿಮ್ಮ ತಾತಂದು ತಾನೆ? ಅದೇ ಈಗ ಫ್ಯಾಷನ್."

ಎದೆ ಮೂರಂಗುಲ ಕುಗ್ಗಿತು. ಟೈರಿನಿಂದ ಅವರನ್ನು ಎಳೆದು ತೆಗೆಯಲು ಕ್ಷೌರಿಕನ ಜೊತೆ ಇನ್ನಿಬ್ಬರು ಬೇಕಾಯಿತು.

ಷಡ್ಡಕನ ಅಂಗಡಿ ಬೀದಿಯ ಕೊನೆಯಲ್ಲಿತ್ತು. ಹುಡುಕುವ ಕಷ್ಟವೇ ಇರಲಿಲ್ಲ; ಸಾಲು ಕಾಣುತ್ತಿತ್ತು.

"ಇಪ್ಪತ್ತೆರಡು, ಇಪ್ಪತ್ತಮೂರು..." ಕ್ಷೌರಿಕ ತಲೆ ಎಣಿಸತೊಡಗಿದ. "ಎಲ್ಲ ಒಳ್ಳೊಳ್ಳೆ ಕಟಿಂಗು ಮಾಡಿಸಿರೋರು ಮಾಸ್ತರೇ."

"ಬಾಯಿ ಮುಚ್ಕೊಂಡು ನಿಲ್ಲು."

ಒಳಗೆ ಹೋಗುವ ಹೊತ್ತಿಗೆ ಮೂರು ಗಂಟೆ. ಗಲ್ಲಾದ ಬಳಿ ಷಡ್ಡಕ ಮೊಣಕಾಲುದ್ದದ ಅಂಗಿ ತೊಟ್ಟು, ಬೆನ್ನು ತಟ್ಟಿಸಿಕೊಳ್ಳುತ್ತ, ಫೋಟೋಗೆ ನಿಲ್ಲುತ್ತ ಇದ್ದ. ಗೋಡೆಯುದ್ದಕ್ಕೂ ಜಾಕೆಟ್ಟುಗಳು. ಎಲ್ಲವೂ ಸಣ್ಣ ಸಣ್ಣ ತುಂಡು ಬಟ್ಟೆ ಜೋಡಿಸಿ ಮಾಡಿದವು. ಕಪ್ಪು ಕನ್ನಡಕದಲ್ಲಿ ತುಂಡುಗಳ ಬಣ್ಣ ತಿಳಿಯುತ್ತಿರಲಿಲ್ಲ, ಆದರೆ ಹೊಲಿಗೆ ತಿಳಿಯುತ್ತಿತ್ತು. ಅಯ್ಯೋ, ಎಂಥ ಹೊಲಿಗೆ! ಒಂದರ ಬೆನ್ನಿನ ಮೇಲೆ ದಪ್ಪ ದಾರ ಕುತ್ತಿಗೆಯಿಂದ ಹೊರಟು, ಎಡಕ್ಕೆ ವಾಲಿ, ಬಲಕ್ಕೆ ಹೊರಳಿ, ನಡುವೆ ಎಲ್ಲೋ ಹೋಗಿ ಬಂದು, ಕುಡಿದವನು ಮನೆ ಸೇರಿದ ಹಾಗೆ ಅಂಚು ಸೇರಿತ್ತು.

ಮಾಸ್ತರರ ಬೆರಳುಗಳು ತಾವಾಗಿಯೇ ಆಡತೊಡಗಿದವು. ಮಗುವಿನ ಮೂಗು ಸೋರುತ್ತಿದ್ದರೆ ತಾಯಿಯ ಕೈ ಸುಮ್ಮನಿರುತ್ತದೆಯೇ? ಆ ಜಾಕೆಟ್ಟನ್ನು ಎತ್ತಿಕೊಂಡು, ಹಾಕಿ ನೋಡುವ ಕೋಣೆ ಹೊಕ್ಕು ಚಿಲಕ ಹಾಕಿದರು. ಕಾಲರಿನ ಒಳಗೆ ಸದಾ ಚುಚ್ಚಿಟ್ಟಿರುತ್ತಿದ್ದ ಸೂಜಿ ಹೊರಬಂತು. ದಾರ ಬಿಚ್ಚಿದರು, ಟೇಪು ಹಿಡಿದರು, ಹೊಲಿದರು.

ಕಾಲು ಗಂಟೆಯಾಯಿತು. ಹೊರಗೆ ಯಾರೋ ಬಾಗಿಲು ಬಡಿದರು. ಅರ್ಧ ಗಂಟೆಯಾಯಿತು.

"ಮಾಸ್ತರೇ," ಕ್ಷೌರಿಕ ಬಾಗಿಲ ಸಂದಿಗೆ ಬಾಯಿಟ್ಟು ಪಿಸುಗುಟ್ಟಿದ, "ಒಳಗೆ ಏನು ಹೆರಿಗೆ ಆಗ್ತಿದೆಯಾ?"

ಒಂದು ರೀತಿಯಲ್ಲಿ ಹೌದು. ಬೆವರು ಒರೆಸಿಕೊಂಡು ಹೊರಬಂದ ಮಾಸ್ತರರ ಮುಖದಲ್ಲಿ ಅಂಥದೇ ಕಳೆಯಿತ್ತು. ಜಾಕೆಟ್ಟನ್ನು ಎತ್ತಿ ಹಿಡಿದರು. ಬೆನ್ನಿನ ಮೇಲೆ ಕುತ್ತಿಗೆಯಿಂದ ಅಂಚಿನವರೆಗೆ ಒಂದೇ ನೇರ ಗೆರೆ.

ಬಾಗಿಲ ಮುಂದೆಯೇ ನಿಂತಿದ್ದ ನರೆಗೂದಲ ಹೆಂಗಸೊಬ್ಬರು ಅದನ್ನು ನೋಡಿ ಕೀರಲು ದನಿ ತೆಗೆದರು. "ನನ್ನ ನದಿ! ನನ್ನ ನದಿ ಎಲ್ಲಿ?"

"ಯಾವ ನದಿ?" ಎಂದರು ಮಾಸ್ತರರು.

"ಆ ಜಾಕೆಟ್ ನನ್ನದು! ಒಂದು ತಿಂಗಳ ಹಿಂದೆಯೇ ಹೇಳಿಟ್ಟಿದ್ದು. ಬೆನ್ನ ಮೇಲೆ ನದಿ ಇತ್ತು. ನಾನು ಹುಟ್ಟಿದ ಊರಿನ ನದಿ, ಹಾಗೇ ಹೊಲಿದುಕೊಟ್ಟಿದ್ರು. ನೀವು ಅದನ್ನ ಕಾಲುವೆ ಮಾಡಿಬಿಟ್ರಲ್ರೀ!" ಅವರು ಸುತ್ತ ನೋಡಿ, "ಇದನ್ನ ನಾನು ಸುಮ್ನೆ ಬಿಡಲ್ಲ. ನಾನು ವಕೀಲೆ," ಎಂದರು.

ಜನ ಸೇರಿದರು. ಫೋನುಗಳು ಮೇಲೆದ್ದವು. ಕ್ಷೌರಿಕ ತಾನು ಯಾರೋ ಎನ್ನುವಂತೆ ಒಂದು ಟೋಪಿ ಹಾಕಿಕೊಂಡು ಕನ್ನಡಿ ನೋಡತೊಡಗಿದ. ಷಡ್ಡಕ ಗುಂಪನ್ನು ಸೀಳಿಕೊಂಡು ಬಂದವನು ಕಪ್ಪು ಕನ್ನಡಕ ನೋಡಿದ, ಕುತ್ತಿಗೆಯ ಟೇಪು ನೋಡಿದ.

"ಅರೆ, ಅಣ್ಣಾ! ನೀವಾ?"

ಗುರುತು ಸಿಕ್ಕಿದ ಮೇಲೆ ಕನ್ನಡಕವೇಕೆ? ಮಾಸ್ತರರು ಅದನ್ನು ಕಿತ್ತು ಜೇಬಿಗೆ ತುರುಕಿದರು. ಬೆಳಗಿನಿಂದ ಒಳಗೆ ಕುದಿಯುತ್ತಿದ್ದುದು ಉಕ್ಕಿಬಂತು.

"ನಾನೇ ಕಣಯ್ಯಾ! ಇಪ್ಪತ್ತಾರು ವರ್ಷ ಕಣ್ಣು ಸವೆಸಿಕೊಂಡು ಹೊಲಿದವನು ನಾನು. ಪೇಪರಲ್ಲಿ ಬರೋದು ಜಿರಳೆ ಔಷಧದವನು! ಇದೇನು ಹೊಲಿಗೆಯಾ? ನದಿಯಂತೆ! ಇದನ್ನ ಹೊಲಿದವರು ಯಾರು? ಕರಿ ಈಚೆಗೆ. ಸೂಜಿ ಹಿಡಿಯೋ ಯೋಗ್ಯತೆ ನಿಮಗಿಲ್ಲ ಅಂತ ಮುಖಕ್ಕೇ ಹೇಳ್ತೀನಿ!"

ಷಡ್ಡಕನ ಮುಖ ಬಿಳುಚಿತು. "ಅಣ್ಣಾ, ಅದೊಂದು ಬೇಡ. ದಮ್ಮಯ್ಯ. ಮನೆಗೆ ಹೋಗಿ, ಸಮಾಧಾನವಾಗಿ ಮಾತಾಡೋಣ."

ಅವನು ಅಂಜಿದ್ದು ಕಂಡು ಮಾಸ್ತರರಿಗೆ ಇನ್ನಷ್ಟು ಹುರುಪು ಬಂತು. "ಯಾಕೆ, ಅವಿತಿಟ್ಟಿದ್ದೀಯಾ? ಕರೀತೀಯೋ, ನಾನೇ ಒಳಗೆ ಹೋಗ್ಲೋ?"

"ನೀವು ಬರೋದು ಬೇಡ," ಎಂದಿತು ಒಳಗಿನಿಂದ ಒಂದು ದನಿ.

ಗಲ್ಲಾದ ಹಿಂದಿನ ಪರದೆ ಸರಿಯಿತು. ಹಲ್ಲಿನ ನಡುವೆ ಕೆಂಪು ದಾರದ ತುಂಡು, ಸೂಜಿ ಚುಚ್ಚದಂತೆ ಬೆರಳಿಗೆ ಲೋಹದ ಟೊಪ್ಪಿ, ಹೆಗಲ ಮೇಲೆ ಅರ್ಧ ಹೊಲಿದ ಜಾಕೆಟ್ಟು ಹೊತ್ತು ಈಚೆ ಬಂದವಳು ಮಾಸ್ತರರ ಹೆಂಡತಿ.

ಅವಳನ್ನು ಕಂಡದ್ದೇ ಗುಂಪಿನಲ್ಲಿ ಚಪ್ಪಾಳೆ ಬಿತ್ತು. ವಕೀಲೆ ಓಡಿಹೋಗಿ ಅವಳ ಎರಡೂ ಕೈ ಹಿಡಿದುಕೊಂಡರು.

"ಹೇಳಿ," ಎಂದಳು ಹೆಂಡತಿ, ಗಂಡನ ಕಡೆ ತಿರುಗಿ. "ಮುಖಕ್ಕೇ ಹೇಳ್ತೀನಿ ಅಂದ್ರಲ್ಲ."

ಮಾಸ್ತರರು ಕೈಯಲ್ಲಿದ್ದ ಜಾಕೆಟ್ಟು ನೋಡಿದರು, ಹೆಂಡತಿಯನ್ನು ನೋಡಿದರು. "ನೀನು... ಯಾವಾಗ?" ಎಂದರು.

"ಮಧ್ಯಾಹ್ನ ಎರಡರಿಂದ ನಾಲ್ಕು. ನೀವು ಗೊರಕೆ ಹೊಡೀತಾ ಇರ್ತೀರಲ್ಲ, ಆಗ. ನಿಮ್ಮ ಮಷೀನಲ್ಲೇ. ನೀವು ಪೇಟೆಗೆ ಹೋದ ದಿನ ಇಲ್ಲಿಗೇ ಬರ್ತೀನಿ."

"ಬಟ್ಟೆ?"

"ನೀವು ಕತ್ತರಿಸಿ ಕೆಳಗೆ ಬೀಳಿಸಿದ್ದು. ಇಪ್ಪತ್ತಾರು ವರ್ಷದಿಂದ ಗುಡಿಸ್ತಾ ಇದ್ದೀನಿ. ನೀವು ಒಂದು ದಿನ ಬಗ್ಗಿ ನೆಲ ನೋಡಿದ್ರೆ ತಾನೆ ಗುರುತು ಸಿಗೋದು."

ಮಾಸ್ತರರು ಗೋಡೆಯ ಕಡೆ ನೋಡಿದರು. ಕನ್ನಡಕವಿಲ್ಲದ ಕಣ್ಣಿಗೆ ಈಗ ಎಲ್ಲ ತಿಳಿಯಿತು. ಅಲ್ಲಿ ಅಂಚೆ ಮಾಸ್ತರರ ಕೋಟಿನ ಬೂದು ಬಣ್ಣ, ಇಲ್ಲಿ ದಂತವೈದ್ಯರ ಪ್ಯಾಂಟಿನ ಪಟ್ಟೆ. ಓಣಿಯ ಅರ್ಧ ಜನ ಆ ಗೋಡೆಯ ಮೇಲೆ ನೇತಾಡುತ್ತಿದ್ದರು.

"ನನಗೆ ಒಂದು ಮಾತು ಹೇಳಬಾರದಾಗಿತ್ತಾ?"

"ಹೇಳಿದ್ದೆ. ಮೂರು ವರ್ಷದ ಹಿಂದೆ ಒಂದು ಹೊಲಿದು ತೋರಿಸಿದೆ. ನೀವು ಅದರಿಂದ ಮಷೀನಿನ ಎಣ್ಣೆ ಒರೆಸಿದ್ರಿ."

ಯಾರೋ ಒಬ್ಬರು ಕಿಸಕ್ಕನೆ ನಕ್ಕರು. ಅದು ಕ್ಷೌರಿಕನೇ. ಟೋಪಿ ಇನ್ನೂ ತಲೆಯ ಮೇಲೆಯೇ ಇತ್ತು.

ವಕೀಲೆಗೆ ಸಂಜೆ ಆರಕ್ಕೆ ರೈಲು. ನದಿಯಿಲ್ಲದೆ ಅವರು ಊರಿಗೆ ಹೋಗುವಂತಿರಲಿಲ್ಲ. ಹೆಂಡತಿಗೋ ಐದರೊಳಗೆ ಇನ್ನೊಂದು ಜಾಕೆಟ್ಟು ಮುಗಿಸಬೇಕಿತ್ತು. ಅವಳು ಕ್ಷಣ ಯೋಚಿಸಿ, ಕೆಂಪು ದಾರದ ಉಂಡೆಯನ್ನು ಗಂಡನ ಕೈಗಿಟ್ಟಳು. "ಬಿಚ್ಚಿದವರೇ ಹೊಲೀಲಿ. ಕೂತ್ಕೊಳ್ಳಿ."

ಅಂಗಡಿಯ ನಡುಮಧ್ಯೆ ಒಂದು ಸ್ಟೂಲು ಬಂತು. ಮಾಸ್ತರರು ತಾವೇ ಹಾಕಿದ ಗೆರೆಯನ್ನು ಬಿಚ್ಚಿ, ನದಿಯನ್ನು ಹರಿಯಬಿಡಲು ಶುರುಮಾಡಿದರು. ಒಂದು ಗೇಣು ಹೊಲಿದು ನೋಡಿದರೆ ನೇರ. ಬಿಚ್ಚಿದರು. ಈ ಸಲ ಕಣ್ಣು ಮುಚ್ಚಿಕೊಂಡು ಹೊಲಿದರು. ಇನ್ನೂ ನೇರ. ಇಪ್ಪತ್ತಾರು ವರ್ಷದ ಕೈ. ಎತ್ತಿಗೆ ಮನೆಯ ದಾರಿ ಹೇಳಿಕೊಡಬೇಕೇ?

"ಮೆತ್ತಗೆ ಬಿಡಿ ಕೈನ," ಎಂದು ಹೆಂಡತಿ ಪಕ್ಕದಿಂದಲೇ ಹೇಳಿದಳು. "ನೀರು ಯಾವತ್ತಾದ್ರೂ ಟೇಪು ಹಿಡ್ಕೊಂಡು ಹರಿಯುತ್ತಾ?"

ಜನ ನಕ್ಕರು. ಫೋಟೋ ತೆಗೆಯುತ್ತಿದ್ದ ತರುಣಿಯೊಬ್ಬಳು ಬಗ್ಗಿ, "ಅಂಕಲ್, ಸ್ವಲ್ಪ ಆ ಕಡೆ ಸರೀರಿ, ಮೇಡಮ್ಮು ಕಾಣ್ತಿಲ್ಲ," ಎಂದಳು. ಮಾಸ್ತರರು ಸ್ಟೂಲಿನ ಸಮೇತ ಸರಿದರು. ಓರೆಗಣ್ಣಿನಲ್ಲಿ ನೋಡಿದರೆ ಹೆಂಡತಿಯ ಸುತ್ತ ಹದಿನೈದು ಜನ. ಅವಳ ಬೆರಳನ್ನೇ ನೋಡುತ್ತ, ಉಸಿರು ಬಿಗಿಹಿಡಿದು ನಿಂತಿದ್ದರು. ಮಾಸ್ತರರ ಬೆರಳನ್ನು ಹಾಗೆ ಯಾರೂ ಎಂದೂ ನೋಡಿರಲಿಲ್ಲ. ಷಡ್ಡಕನ ಮೇಲಿದ್ದ ಹೊಟ್ಟೆಕಿಚ್ಚು ಎಲ್ಲಿ ಹೋಯಿತೋ. ಅದರ ಜಾಗದಲ್ಲಿ ಅದರ ಅಪ್ಪನಂಥದೊಂದು ಬಂದು ಕೂತಿತು. ಷಡ್ಡಕನಾದರೆ ಊರಾಚೆ ಇರುತ್ತಿದ್ದ. ಇದು ರಾತ್ರಿ ತಟ್ಟೆಯ ಎದುರಿಗೇ ಕೂರುವಂಥದ್ದು. ಕೈ ಗಡಗಡ ನಡುಗಿತು. ಸೂಜಿ ಜಾರಿತು, ದಾರ ಎಡಕ್ಕೆ ವಾಲಿತು, ಸಾವರಿಸಿಕೊಳ್ಳುವಷ್ಟರಲ್ಲಿ ಬಲಕ್ಕೆ ಹೊರಳಿತು.

ವಕೀಲೆ ಬಗ್ಗಿ ನೋಡಿದರು. "ಅಯ್ಯೋ, ಇದೇ! ನಮ್ಮೂರ ಸೇತುವೆ ಹತ್ತಿರದ ತಿರುವು ಹೀಗೇ ಇದೆ!"

ಹೆಂಡತಿಯೂ ಬಂದು ನೋಡಿದಳು. ಬೆರಳಿನಿಂದ ದಾರವನ್ನು ಸವರಿದಳು. "ಪರವಾಗಿಲ್ವೇ! ಇಷ್ಟು ಚೆನ್ನಾಗಿ ನನಗೂ ಬಂದಿರಲಿಲ್ಲ. ಹೇಗೆ ಮಾಡಿದ್ರಿ?"

ಮಾಸ್ತರರು ತಲೆ ತಗ್ಗಿಸಿ ಸೂಜಿಗೆ ಹೊಸ ದಾರ ಪೋಣಿಸತೊಡಗಿದರು.

"ಅಣ್ಣಾ," ಷಡ್ಡಕ ಕೈ ಹೊಸೆಯುತ್ತ ಹತ್ತಿರ ಬಂದ, "ನಾಳೆಯಿಂದ ನೀವೂ ಬಂದುಬಿಡಿ. ಅಕ್ಕನ ಕೈ ಕೆಳಗೆ ಒಬ್ಬರು ಬೇಕಾಗಿತ್ತು. ನಿಮಗೆ ಆ ನಡುಕ ದಿನಾ ಬರುತ್ತೆ ತಾನೆ?"

"ಬರುತ್ತೆ, ಬರುತ್ತೆ," ಎಂದ ಕ್ಷೌರಿಕ. "ಅದರ ಜವಾಬ್ದಾರಿ ನನಗೆ ಬಿಡಿ. ಬೆಳಗ್ಗೆ ಎಂಟೂವರೆಗೆ ಪೇಪರ್ ಓದಿಯೇ ಕಳಿಸ್ತೀನಿ."