ಕೆಳಗಿನಬೈಲಿನ ಸಂಕಕ್ಕೆ ಮೂವರು ಮಾಲೀಕರು

ಹೊಸನಗರ ತಾಲ್ಲೂಕು ಕೆಳಗಿನಬೈಲಿನ ಹಳ್ಳಕ್ಕೆ ಹಾಕಿದ ಕಾಲುಸಂಕವು ಈ ಮಳೆಗಾಲದವರೆಗೆ ಯಾರ ಸ್ವತ್ತೂ ಆಗಿರಲಿಲ್ಲ ಎಂಬ ನಾಚಿಕೆಗೇಡಿನ ಸಂಗತಿಯನ್ನು, ಗ್ರಾಮಾಭಿವೃದ್ಧಿ ಸಮಿತಿಯ ಕಾರ್ಯದರ್ಶಿ ಮುಕುಂದಯ್ಯನಾದ ನಾನು ಮೊದಲಿಗೇ ಒಪ್ಪಿಕೊಳ್ಳುತ್ತೇನೆ.

ಪದ್ಧತಿ ಹೀಗಿತ್ತು. ಮಳೆ ಹಿಡಿಯುವ ಮುಂಚೆ ತೋಟದವರಾದ ಪಾರ್ಶ್ವರಾಜ, ಕೆರಿಯಪ್ಪ, ವಾಸಪ್ಪ ತಲಾ ಒಂದು ಅಡಿಕೆ ಮರ ಕಡಿದು ಕೊಡುವುದು. ತೋಟವಿಲ್ಲದ ಗುತ್ಯಮ್ಮ ತನ್ನ ಮನೆಯ ಹಗ್ಗ ತಂದು, ಹಳ್ಳಕ್ಕೆ ಅಡ್ಡ ಹಾಸಿದ ಆ ಮೂರನ್ನೂ ಸೇರಿಸಿ ಬಿಗಿಯುವುದು. ಆಮೇಲೆ ಊರಿಗೆ ಊರೇ ಪುಕ್ಕಟೆ ದಾಟುವುದು! ಇದರಲ್ಲಿ ಅರ್ಥಶಾಸ್ತ್ರ ಎಂಬುದು ಮಣ್ಣಂಗಟ್ಟಿಯಷ್ಟೂ ಇರಲಿಲ್ಲ, ಮಾರಾಯ್ರೆ.

ಸಾಗರದಲ್ಲಿ ನಡೆದ ಒಂದು ದಿನದ ಗ್ರಾಮಾಭಿವೃದ್ಧಿ ಶಿಬಿರಕ್ಕೆ ಹೋಗಿ ಊಟ, ಬ್ಯಾಗು, ತಿಳುವಳಿಕೆ ಮೂರನ್ನೂ ಪಡೆದು ಬಂದ ಪಾರ್ಶ್ವರಾಜರು ಸಭೆ ಕರೆದರು.

"ಎಲ್ಲರದ್ದು ಅಂದ್ರೆ ಯಾರೂ ನೋಡ್ಕಳಲ್ಲ. ಅವರವರ ಮರ ಅವರವರ ಹೆಸರಿಗೆ ಬರೀರಿ. ಸ್ಪರ್ಧೆ ಬಂದ್ರೆ ಸಂಕ ತಾನಾಗೇ ಉದ್ಧಾರ ಆಗ್ತದೆ" ಎಂದರು.

ಮರ ಕೊಟ್ಟ ಉಳಿದಿಬ್ಬರಿಗೆ ಇದು ತಕ್ಷಣ ಅರ್ಥವಾಯಿತು. ಮರ ಕೊಡದವರಿಗೆ ಆಗಲಿಲ್ಲ. ಅಂಥವರನ್ನು ಮುಂದಿನ ಶಿಬಿರಕ್ಕೆ ಕಳಿಸತಕ್ಕದ್ದು ಎಂದು ನಡಾವಳಿಯಲ್ಲಿ ಬರೆದೆ.

ಅಂದೇ ನಿಯಮಾವಳಿ ಹೊರಬಿತ್ತು. ಕಾಲಿಟ್ಟ ಮರವೊಂದಕ್ಕೆ ಎರಡು ರೂಪಾಯಿ. ಎಡಗಾಲು ಒಬ್ಬರ ಮರದ ಮೇಲೂ ಬಲಗಾಲು ಇನ್ನೊಬ್ಬರ ಮರದ ಮೇಲೂ ಬಿದ್ದಲ್ಲಿ ಇಬ್ಬರಿಗೂ ಪ್ರತ್ಯೇಕ ಪಾವತಿ. ಜಾರಿ ಬೀಳುವವರು ಯಾವ ಮರವನ್ನು ತಬ್ಬಿಕೊಂಡರೋ ಅದರ ಮಾಲೀಕರಿಗೆ ತಬ್ಬುವ ಶುಲ್ಕ. ಯಾವುದನ್ನೂ ತಬ್ಬದೆ ನೇರವಾಗಿ ನೀರಿಗೆ ಬೀಳುವ ಬಡವರಿಗೆ ಸಂಪೂರ್ಣ ವಿನಾಯಿತಿ.

ಗುತ್ಯಮ್ಮನದ್ದು ಒಂದೇ ಹಸುವಿನ ಸಂಸಾರ. ಬೆಳಿಗ್ಗೆ ಏಳರೊಳಗೆ ಆಚೆ ದಡದ ಡೇರಿಗೆ ಹಾಲು ಮುಟ್ಟಿದರೆ ಮಾತ್ರ ಒಲೆ ಉರಿಯುತ್ತದೆ. ಮೊದಲ ದಿನ ಎರಡೇ ರೂಪಾಯಿಯಲ್ಲಿ ಮುಗಿಸೋಣವೆಂದು ಕೆರಿಯಪ್ಪನವರ ಒಂದೇ ಮರದ ಮೇಲೆ ಹೋಗಿ ಅರ್ಧ ಹಾಲನ್ನು ಹಳ್ಳಕ್ಕೆ ಕುಡಿಸಿದಳು. ಎರಡನೇ ದಿನ ಚಿಲ್ಲರೆ ವಿಷಯದಲ್ಲಿ ಮಾಲೀಕರು ಜಗಳಾಡುತ್ತಿರುವಾಗ ಹಾಲಿನ ವ್ಯಾನು ಹೊರಟೇಹೋಯಿತು. ಸಿಟ್ಟಿನಿಂದ ಸಮಿತಿಗೆ ಬಂದಳು.

"ಎಂತ ಮುಕುಂದಯ್ಯನೋರೆ, ಮರ ಅವರದ್ದು, ಸರಿ. ಕಟ್ಟಿದ್ದು ನಾನಲ್ವಾ? ನಂಗೆಂತ ಬರ್ತದೆ?"

"ಕಟ್ಟೋದು ಸೇವೆ, ಗುತ್ಯಮ್ಮ. ಸೇವೆಗೆ ಪುಣ್ಯ ಬರ್ತದೆ."

"ಹಗ್ಗ?"

ಕಡತ ತಿರುವಿ ಹಾಕಿದೆ. ಹಗ್ಗವನ್ನು ಊರಿಗೆ ಬಿಟ್ಟುಕೊಟ್ಟ ಪತ್ರ ಎಲ್ಲೂ ಇಲ್ಲ. ನಾನು ಕಾನೂನು ಬಿಟ್ಟು ಮಾತಾಡುವವನಲ್ಲ. "ಹಗ್ಗ ನಿಮ್ಮದೇ" ಎಂದೆ.

"ಹಂಗಾದ್ರೆ ಬಿಚ್ಕಂಡು ಹೋಗ್ತೀನಿ."

ಬಿಚ್ಚಿಯೇಬಿಟ್ಟಳು ಪುಣ್ಯಾತ್ಗಿತ್ತಿ! ಮೂರು ಮರ ಮೂರು ದಿಕ್ಕಿಗೆ ಉರುಳಿದವು. ಮಾಲೀಕರು ಎದ್ದುಬಿದ್ದು ಓಡಿಬಂದು, ಪಕ್ಕದವನ ಮರಕ್ಕೆ ಕೈ ಹಚ್ಚದೆ, ತಮ್ಮ ತಮ್ಮದನ್ನು ಮನೆಗೆ ಎಳೆದುಕೊಂಡು ಹೋದರು. ಪರರ ಸ್ವತ್ತಿನ ಬಗ್ಗೆ ಇಷ್ಟು ಗೌರವವನ್ನು ನಮ್ಮೂರು ಹಿಂದೆಂದೂ ಕಂಡಿರಲಿಲ್ಲ.

ಗುತ್ಯಮ್ಮ ಆ ಹಗ್ಗವನ್ನು ಈ ದಡದ ಹುಣಸೆ ಮರದಿಂದ ಆ ದಡದ ಮತ್ತಿ ಮರಕ್ಕೆ ಎಳೆದು ಕಟ್ಟಿದಳು. ಈಗ ಊರಿನವರೆಲ್ಲ ಎದೆಮಟ್ಟದ ನೀರಿನಲ್ಲಿ ಅದನ್ನೇ ಹಿಡಿದು ದಾಟುತ್ತೇವೆ. ತಲೆಗೆ ಐದು ರೂಪಾಯಿ. ಚೌಕಾಸಿ ಮಾಡಿದರೆ ಹಗ್ಗ ಮನೆಗೆ ಹೋಗುತ್ತದೆ. ಅವಳ ಹಾಲನ್ನು ಡೇರಿಯವನೇ ಈಚೆ ಬಂದು ಒಯ್ಯುತ್ತಾನೆ, ಅವನಿಂದಲೂ ಐದು. ಯಾರದ್ದೂ ತಕರಾರಿಲ್ಲ. ಯೋಜನೆ ಯಶಸ್ವಿ ಎಂದು ವರದಿ ಕಳಿಸಿದ್ದೇನೆ.

ಮೊನ್ನೆ ನಡಾವಳಿ ಪುಸ್ತಕವನ್ನು ತಲೆಯ ಮೇಲಿಟ್ಟುಕೊಂಡು ದಾಟುತ್ತಿದ್ದೆ. ಮುಂದೆ ಪಾರ್ಶ್ವರಾಜರು ಹಗ್ಗ ಹಿಡಿದು ತೇಲುವ ಪಂಚೆಯನ್ನು ಅದುಮುತ್ತ ಹೋಗುತ್ತಿದ್ದರು.

"ನಿಮ್ಮ ಮರ ಹೆಂಗಿದೆ?" ಎಂದು ಕೇಳಿದೆ.

ಬಾಯಿಗೆ ನುಗ್ಗಿದ ನೀರನ್ನು ಉಗಿದು, ಹೆಮ್ಮೆಯಿಂದ ಹೇಳಿದರು: "ಫಸ್ಟ್ ಕ್ಲಾಸ್! ಜಗಲೀಲಿ ಮಲಗ್ಸಿದೀನಿ. ಒಂದು ಹನಿ ನೀರು ತಾಗಿಲ್ಲ."