ಸಿಂಕಿಗೆ ಹಾಕಿದ ಸೀಮಂತ

ತಪ್ಪು ನನ್ನದೇ ಎಂದು ನನ್ನ ಹೆಂಡತಿ ಹೇಮಾವತಿ ಈಗಾಗಲೇ ತೀರ್ಪು ಕೊಟ್ಟಾಗಿದೆ. (ಮೇಲ್ಮನವಿಗೆ ಅವಕಾಶವಿಲ್ಲ.) ಆದರೂ ನನ್ನ ಅಹವಾಲನ್ನು ನೀವಾದರೂ ಕೇಳಿ.

ಅವಳ ತಂಗಿ ದೀಪಾಳ ಸೀಮಂತದ ಆರುನೂರು ಫೋಟೊಗಳು ಹೇಮಾವತಿಯ ಫೋನಿನಲ್ಲಿ ಮಾತ್ರ ಇದ್ದವು. ಫೋನ್ ಕೆಟ್ಟರೆ ಗತಿಯೇನು ಎಂಬ ಮಹಾಚಿಂತೆ ನನ್ನನ್ನು ಎರಡೂ ಫೋನುಗಳ ಸಮೇತ ಹೊಳಲ್ಕೆರೆ ಬಸ್‌ಸ್ಟ್ಯಾಂಡ್ ಪಕ್ಕದ ಕೊಟ್ರೇಶನ ಸ್ಟುಡಿಯೋಗೆ ಎಳೆದೊಯ್ದಿತು.

“ಸಿಂಕ್ ಮಾಡ್ಲೇನ್ ಸಾರ್, ಬ್ಯಾಕಪ್ ಮಾಡ್ಲಾ?” ಎಂದ ಕೊಟ್ರೇಶ. “ಸಿಂಕಂದ್ರೆ ನಿಮ್ಮ ಫೋನು, ಅಕ್ಕಾರ ಫೋನು, ಮೇಲೆ ಕ್ಲೌಡು, ಮೂರೂ ಕಡೆ ಒಂದೇ ತರ ಇರ್ತೈತೆ. ಬ್ಯಾಕಪ್ ಅಂದ್ರೆ ಇಲ್ಲಿ ಅಳಿಸಿದ್ರೂ ಅಲ್ಲಿ ಬ್ಯಾರೆ ಕಾಪಿ ಉಳೀತೈತೆ.”

ಹದಿನೆಂಟು ವರ್ಷದ ದಾಂಪತ್ಯದಲ್ಲಿ ನಾವಿಬ್ಬರೂ ಒಂದೇ ತರ ಇದ್ದದ್ದು ಯಾವಾಗ? ಫೋನುಗಳಾದರೂ ಇರಲಿ ಎಂದು ಸಿಂಕ್ ಮಾಡಿಸಿದೆ.

ವಾರದೊಳಗೆ ನನ್ನ ಫೋನು ಹೊಟ್ಟೆ ತುಂಬಿ ಒದ್ದಾಡತೊಡಗಿತು. ಅವಳ ಹತ್ತಿರ ಇವೆಯಲ್ಲ ಎಂದು ಆರುನೂರನ್ನೂ ಅಳಿಸಿದೆ. ಫೋನಿನ ಕಸದ ಬುಟ್ಟಿಯನ್ನೂ ಬರಿದು ಮಾಡಿದೆ. (ಶುಚಿತ್ವ ನನ್ನ ಹುಟ್ಟುಗುಣ.)

ಅಡುಗೆಮನೆಯಿಂದ ಆರ್ತನಾದ ಕೇಳಿಸಿತು. “ರೀ! ದೀಪಂದು ಒಂದು ಫೋಟೋನೂ ಇಲ್ಲ!”

“ಗಾಬ್ರಿ ಆಗ್ಬ್ಯಾಡ ಕಣೆ, ಎಲ್ಲಾ ಸಿಂಕಿಗೆ ಹಾಕ್ಸಿದೀನಿ.”

“ಸಿಂಕಿಗೆ ಹಾಕಿದ್ರಾ? ಅದಕ್ಕೇ ತೊಳ್ಕಂಡು ಹೋಗ್ಯಾವೆ!”

ನಾನು ಒಂದು ಕಡೆ ಅಳಿಸಿದ್ದನ್ನು ಸಿಂಕು ಪರಮ ಪತಿವ್ರತೆಯಂತೆ ಮೂರು ಕಡೆಯೂ ಅಳಿಸಿತ್ತು.

ಕಾಲು ಮುರಿದು ಸೀಮಂತಕ್ಕೆ ಬರಲಾಗದ ದೀಪಾಳ ಅತ್ತೆ ಕಾಟಮ್ಮ, ಫೋಟೊ ನೋಡಲೆಂದೇ ಭಾನುವಾರ ಹರಿಯಬ್ಬೆಯಿಂದ ಬರುವವರಿದ್ದರು. “ಇನ್ನೊಂದ್ಸಲ ಸೀಮಂತ ಮಾಡಾಣ,” ಎಂದು ಹೇಮಾವತಿ ಆಜ್ಞಾಪಿಸಿದಳು. ಬಾಣಂತನಕ್ಕೆ ನಮ್ಮ ಮನೆಯಲ್ಲೇ ಇದ್ದ ದೀಪಾ ತನ್ನ ಮೂರು ತಿಂಗಳ ಕೂಸನ್ನು ತೋರಿಸಿದಳು. “ಇದು ನನ್ನ ಬಿಡಲ್ಲ. ಅಳಿಸ್ದೋರು ನೀವು, ನೀವೇ ಕುಂತ್ಕಳ್ರಿ ಭಾವ.”

ಶನಿವಾರ ನಮ್ಮ ನಡುಮನೆಯಲ್ಲೇ ಕುಳಿತೆ. ರೇಷ್ಮೆ ಸೀರೆ, ಹೊಟ್ಟೆಗೆ ದಿಂಬು, ಮೊಣಕೈವರೆಗೆ ಹಸಿರು ಬಳೆ, ಮಡಿಲ ತುಂಬ ತಂಬಿಟ್ಟು. “ಮುಖ ಆಮ್ಯಾಲೆ ದೀಪಕ್ಕಂದು ಅಂಟಿಸ್ತೀನಿ. ವಸಿ ನಾಚ್ಕಳ್ರಿ ಸಾರ್,” ಎಂದ, ಹೇಮಾವತಿಯ ಫೋನಿನಲ್ಲಿ ಫೋಟೊ ತೆಗೆಯುತ್ತಿದ್ದ ಕೊಟ್ರೇಶ. ಹೇಳುವ ಅಗತ್ಯವೇ ಇರಲಿಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ಕೋಲು ಕುಟ್ಟಿದ ಸದ್ದು. ಕಾಟಮ್ಮ ಒಂದು ದಿನ ಮೊದಲೇ ಬಂದಿದ್ದರು! ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ತಟ್ಟೆಯಿಂದ ಅಕ್ಷತೆ ತೆಗೆದು ತಲೆಗೆ ಹಾಕಿ ಕೇಳಿದರು: “ಎಷ್ಟು ತಿಂಗ್ಳಪ್ಪ?”

ಆಮೇಲೆ ವಿಷಯ ತಿಳಿದು ಆ ಮಹಾತಾಯಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ಮುಖ ಅಂಟಿಸ್ಬ್ಯಾಡಪ್ಪ ಕೊಟ್ರೇಶಿ, ನಂಗೆ ಇವೇ ಇರ್ಲಿ.”

ಬಳೆ ಬಿಚ್ಚಿದ್ದೇ ತಡ, ಹೆಂಡತಿಯ ಫೋನು ಕಸಿದು ನನ್ನ ಸೀಮಂತದ ಫೋಟೊಗಳನ್ನು ಒಂದೊಂದಾಗಿ ಅಳಿಸತೊಡಗಿದೆ. ಕೊಟ್ರೇಶ ತಡೆಯಲಿಲ್ಲ.

“ಎಷ್ಟಾದ್ರೂ ಅಳಿಸ್ಕಳ್ರಿ ಸಾರ್,” ಎಂದ ತಣ್ಣಗೆ. “ಅಕ್ಕಾರು ಈ ಸಲ ಬ್ಯಾಕಪ್ ಮಾಡ್ಸ್ಯಾರೆ.”